ಮೊದಲ ಪುಸ್ತಕದ ಕರಡಿಗೆ ಗೂಗಲ್ ಡಾಕ್ಸ್: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಪುಸ್ತಕ ಬರೆಯಲು ಹೊರಟವರನ್ನು ಮೊದಲು ಕಾಡುವುದು ‘ಯಾವುದರಲ್ಲಿ ಬರೆಯಲಿ?’ ಎಂಬ ಪ್ರಶ್ನೆ. ನುಡಿ ತಂತ್ರಾಂಶದಲ್ಲೋ, ವರ್ಡ್‌ನಲ್ಲೋ, ಮೊಬೈಲಿನಲ್ಲೋ, ಇಲ್ಲಾ ಹಾಳೆಯ ಮೇಲೋ? ಇಲ್ಲಿ ನೋಡುತ್ತಿರುವುದು ನೆಟ್ ಮೂಲಕ ಬಳಸುವ ಬರವಣಿಗೆಯ ತಂತ್ರಾಂಶ ಗೂಗಲ್ ಡಾಕ್ಸ್ ಒಂದನ್ನೇ, ಅದೂ ಒಂದೇ ಕೆಲಸದ ಮಟ್ಟಿಗೆ: ಕನ್ನಡದಲ್ಲಿ 150ರಿಂದ 200 ಪುಟದ ಮೊದಲ ಪುಸ್ತಕದ ಕರಡನ್ನು ಶುರು ಮಾಡಿ ಕೊನೆ ಮುಟ್ಟಿಸುವುದಕ್ಕೆ. ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕರಡು ಬರೆಯಲು ಕಾಸು ಕೊಡದೆ ಸಿಗುವವುಗಳಲ್ಲಿ ಇದು ತುಂಬಾ ಒಳ್ಳೆಯದು. ಕಾಗುಣಿತ ತಿದ್ದಲು ಇದನ್ನು ನಂಬಬೇಡಿ. ಅಚ್ಚಿಗೆ ಪುಟ ಕಟ್ಟಲಂತೂ ಬೇಡವೇ ಬೇಡ.

ಕಾರಣ ಸರಳ. ಮೊದಲ ಪುಸ್ತಕ ನಿಂತುಹೋಗುವುದು ಬಹುಪಾಲು ಎರಡು ಕಡೆ. ಒಂದು, ಬರೆಯಲು ಪುರುಸೊತ್ತು ಸಿಕ್ಕ ಹೊತ್ತಿಗೆ ಕಡತ ಕೈಗೆ ಸಿಗುವುದಿಲ್ಲ: ಅದು ಮನೆಯ ಕಂಪ್ಯೂಟರಿನಲ್ಲಿರುತ್ತದೆ, ನೀವು ಬಸ್ಸಿನಲ್ಲಿರುತ್ತೀರಿ. ಇನ್ನೊಂದು, ಬರೆದದ್ದನ್ನು ಕತ್ತರಿಸಲು ಕೈ ಬರುವುದಿಲ್ಲ, ಹೋದರೆ ಹೋಯಿತಲ್ಲ ಎಂಬ ಭಯ. ಡಾಕ್ಸ್ ಈ ಎರಡಕ್ಕೂ ಉತ್ತರ ಕೊಡುತ್ತದೆ. ಒಂದೇ ಕಡತ ಫೋನಿನಲ್ಲೂ ಕಂಪ್ಯೂಟರಿನಲ್ಲೂ ತೆರೆಯುತ್ತದೆ; ಹಳೆಯ ರೂಪಗಳು ಒಳಗೇ ಉಳಿದಿರುತ್ತವೆ.

ಖಾತೆಯ ವಿಚಾರ

ಕಾಲೇಜು ಅಥವಾ ಕಚೇರಿ ಕೊಟ್ಟ ಇಮೇಲ್ ಖಾತೆಯಲ್ಲಿ ಪುಸ್ತಕ ಶುರು ಮಾಡಬೇಡಿ. ಆ ಖಾತೆಯ ಹಿಡಿತ ಸಂಸ್ಥೆಯ ಕೈಯಲ್ಲಿರುತ್ತದೆ. ನೀವು ಅಲ್ಲಿಂದ ಹೊರಬಿದ್ದ ದಿನ ಕಡತವೂ ಹೋಗಬಹುದು. ಸ್ವಂತ ಖಾತೆಯಲ್ಲೇ ಬರೆಯಿರಿ.

ಉಚಿತವಾಗಿ ಸಿಗುವ ಜಾಗ 15 ಜಿಬಿ. ಇಡೀ ಪುಸ್ತಕದ ಪಠ್ಯ ಅದರಲ್ಲಿ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಆದರೆ ಆ 15 ಜಿಬಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ್ದು. ಮದುವೆಯ ವಿಡಿಯೋಗಳು, ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ಪು ಎಲ್ಲ ಸೇರಿ ಜಾಗ ಮುಗಿದರೆ ಹೊಸ ಕಡತ ತೆರೆಯಲಾಗುವುದಿಲ್ಲ, ಇರುವುದನ್ನು ತಿದ್ದಲೂ ಆಗದೆ ಕೂರಬೇಕಾಗುತ್ತದೆ. ಶುರು ಮಾಡುವ ಮುನ್ನ ಜಾಗ ಎಷ್ಟಿದೆ ನೋಡಿಕೊಳ್ಳಿ. ಎರಡು ವರ್ಷ ಮುಟ್ಟದೆ ಬಿಟ್ಟ ಸ್ವಂತ ಖಾತೆಯನ್ನು ಅಳಿಸುವ ನಿಯಮವೂ ಇದೆ. ಅರ್ಧಕ್ಕೆ ಬಿಟ್ಟ ಕಾದಂಬರಿಗೆ ಎಂದೋ ಮರಳುವ ಯೋಚನೆ ಇರುವವರು ಇದನ್ನು ನೆನಪಿಡಬೇಕು.

ನೆಟ್ ಇಲ್ಲದ ಕಡೆ ಬರೆಯಬೇಕೆಂದರೆ ನೆಟ್ ಇರುವಾಗಲೇ ವ್ಯವಸ್ಥೆ ಮಾಡಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಕ್ರೋಮ್ ಅಥವಾ ಎಡ್ಜ್ ಬ್ರೌಸರ್ ಬೇಕು. ಫೈಲ್ ಮೆನುವಿನಲ್ಲಿ ಆಫ್‌ಲೈನ್ ಆಯ್ಕೆಯನ್ನು ಚಾಲೂ ಮಾಡಬೇಕು. ಫೋನಿನ ಆ್ಯಪ್‌ನಲ್ಲಿ ಆ ಕಡತಕ್ಕೆ ಪ್ರತ್ಯೇಕವಾಗಿ ಆಫ್‌ಲೈನ್ ಗುರುತು ಹಾಕಬೇಕು. ನೆಟ್ ಇಲ್ಲದೆ ಒಂದೇ ಪ್ಯಾರಾವನ್ನು ಫೋನಿನಲ್ಲೂ ಕಂಪ್ಯೂಟರಿನಲ್ಲೂ ತಿದ್ದಿದರೆ ನೆಟ್ ಬಂದಾಗ ಎರಡೂ ಬೆರೆತು ಗಲಿಬಿಲಿಯಾಗುತ್ತದೆ. ಆಫ್‌ಲೈನ್ ಇರುವಷ್ಟು ಹೊತ್ತು ಒಂದೇ ಉಪಕರಣಕ್ಕೆ ಅಂಟಿಕೊಳ್ಳಿ.

ಅರ್ಧ ಗಂಟೆಯಲ್ಲಿ ಕಡತ ಸಿದ್ಧ

ಸಿದ್ಧತೆಗೆ ಅರ್ಧ ಗಂಟೆಗಿಂತ ಹೆಚ್ಚು ಕೊಡಬೇಡಿ. ಫಾಂಟು, ಮುಖಪುಟ, ಪರಿವಿಡಿ ಎಂದು ಮೂರು ದಿನ ಕಳೆದವರು ನಾಲ್ಕನೇ ದಿನ ಬರೆಯಲು ಕೂರುವುದು ಕಡಿಮೆ.

ಪುಟದ ಅಳತೆಯನ್ನು ಎ5ಕ್ಕೆ ಇಡಿ. ಕನ್ನಡದ ಹೆಚ್ಚಿನ ಪುಸ್ತಕಗಳ 1/8 ಡೆಮಿಗೆ, ಅಂದರೆ ಸುಮಾರು ಐದೂವರೆಗೆ ಎಂಟೂವರೆ ಅಂಗುಲಕ್ಕೆ, ಅದು ಹತ್ತಿರದ್ದು. ಎ4ರಲ್ಲಿ ಬರೆದರೆ ದಿನವಿಡೀ ಕೂತರೂ ಪುಟ ತುಂಬದೆ ಮನಸ್ಸು ಸೋಲುತ್ತದೆ. ಮೇಲಿನ ಫಾಂಟಿನ ಪಟ್ಟಿಯಲ್ಲಿ ‘ಮೋರ್ ಫಾಂಟ್ಸ್’ ಒತ್ತಿ, ಲಿಪಿಯ ಜಾಗದಲ್ಲಿ ಕನ್ನಡ ಆರಿಸಿ, ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ ಹಾಕಿಕೊಳ್ಳಿ. ಮೊದಲೇ ಇರುವ ಏರಿಯಲ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ಆಗ ಆಯಾ ಯಂತ್ರದಲ್ಲಿರುವ ಫಾಂಟು ಬಂದು ಕೂರುತ್ತದೆ, ಫೋನಿನಲ್ಲಿ ಒಂದು ರೂಪ, ಕಂಪ್ಯೂಟರಿನಲ್ಲಿ ಇನ್ನೊಂದು. ಅಕ್ಷರದ ಗಾತ್ರ 12, ಸಾಲುಗಳ ಅಂತರ 1.5 ಇರಲಿ. ಅಂತರ 1 ಇಟ್ಟು ‘ರಾಷ್ಟ್ರ’, ‘ಸ್ತ್ರೀ’ ಎಂದು ಬರೆದು ನೋಡಿ: ಕೆಳಗಿಳಿದ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಾಗುವಷ್ಟು ಹತ್ತಿರ ಬರುತ್ತದೆ, ಅರ್ಧ ಗಂಟೆಗೆ ಕಣ್ಣು ಸೋಲುತ್ತದೆ.

ಇಡೀ ಪುಸ್ತಕ ಒಂದೇ ಕಡತದಲ್ಲಿರಲಿ. 2024ರ ಅಕ್ಟೋಬರಿನಿಂದ ಡಾಕ್ಸ್‌ನಲ್ಲಿ ಟ್ಯಾಬ್‌ಗಳು, ಅಂದರೆ ಒಂದೇ ಕಡತದೊಳಗಿನ ಬೇರೆ ಬೇರೆ ವಿಭಾಗಗಳು, ಬಂದಿವೆ, ಎಡಗಡೆ ಕಾಣುತ್ತವೆ. ಮೂರು ಟ್ಯಾಬ್ ಸಾಕು: ಕರಡು, ಪದಪಟ್ಟಿ, ಕತ್ತರಿಸಿದ್ದು. ಅಧ್ಯಾಯಕ್ಕೊಂದು ಟ್ಯಾಬ್ ಮಾಡುವ ಆಸೆ ಬರುತ್ತದೆ, ಬೇಡ. ಕರಡಿನೊಳಗೆ ಅಧ್ಯಾಯದ ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್, 1 ಒತ್ತಿದರೆ ಅದು ಶೀರ್ಷಿಕೆಯಾಗಿ ಎಡಗಡೆಯ ಪಟ್ಟಿಯಲ್ಲಿ ಬಂದು ನಿಲ್ಲುತ್ತದೆ. ಒತ್ತಿದ ಕೂಡಲೇ ಆ ಅಧ್ಯಾಯಕ್ಕೆ ಹೋಗಬಹುದು. ಅಕ್ಷರವನ್ನು ದಪ್ಪ ಮಾಡಿ ದೊಡ್ಡದು ಮಾಡಿದ ಮಾತ್ರಕ್ಕೆ ಇದೆಲ್ಲ ಸಿಗುವುದಿಲ್ಲ. ಮುಂದೆ ಪರಿವಿಡಿ ಮಾಡುವಾಗ ಕೈಯಲ್ಲೇ ಟೈಪ್ ಮಾಡಬೇಕಾಗುತ್ತದೆ.

ಆರಂಭದಲ್ಲಿ ಹತ್ತು ಹನ್ನೆರಡು ಶೀರ್ಷಿಕೆ ಹಾಕಿ, ಪ್ರತಿಯೊಂದರ ಕೆಳಗೆ ಒಂದೇ ವಾಕ್ಯ ಬರೆಯಿರಿ: ಈ ಅಧ್ಯಾಯ ಮುಗಿಯುವ ಹೊತ್ತಿಗೆ ಓದುಗನಿಗೆ ಏನು ಗೊತ್ತಾಗಿರಬೇಕು, ಅಥವಾ ಪಾತ್ರಕ್ಕೆ ಏನಾಗಿರಬೇಕು. ವಾಕ್ಯ ಹೊಳೆಯದ ಅಧ್ಯಾಯವನ್ನು ಖಾಲಿ ಬಿಡಿ. ಆಮೇಲೆ ಮೊದಲ ಅಧ್ಯಾಯದಿಂದಲೇ ಶುರು ಮಾಡಬೇಕೆಂದಿಲ್ಲ. ಯಾವ ವಾಕ್ಯ ಓದಿದರೆ ಕೈ ತುರಿಸುತ್ತದೋ ಅಲ್ಲಿಂದಲೇ ಹಿಡಿಯಿರಿ. ಮೊದಲ ಅಧ್ಯಾಯವನ್ನು ಹತ್ತು ಸಲ ತಿದ್ದಿ ಎರಡನೆಯದಕ್ಕೆ ಹೋಗದೇ ಉಳಿದ ಕರಡುಗಳೇ ಹೆಚ್ಚು.

ಪದಗಳ ಲೆಕ್ಕ, ಪುಟಗಳ ಲೆಕ್ಕ

ಕಂಟ್ರೋಲ್, ಶಿಫ್ಟ್, ಸಿ ಒತ್ತಿದರೆ ಪದಗಳ ಎಣಿಕೆ ತೆರೆಯುತ್ತದೆ. ಅಲ್ಲಿರುವ ಚೌಕಕ್ಕೆ ಗುರುತು ಹಾಕಿದರೆ ಬರೆಯುವಾಗಲೂ ಕೆಳಗೆ ಕಾಣುತ್ತಿರುತ್ತದೆ. ಎಣಿಕೆ ಸರಿಯಾಗಿಯೇ ಇರುತ್ತದೆ. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಓದಿದ ಗುರಿಯನ್ನು ಅದಕ್ಕೆ ಹೊಂದಿಸಹೋದಾಗ ತಪ್ಪಾಗುತ್ತದೆ. ‘ಹೋಗಬೇಕಾಗಿತ್ತು’ ಎಂಬುದು ನಮಗೆ ಒಂದೇ ಪದ, ಇಂಗ್ಲಿಷಿನಲ್ಲಿ ಅದಕ್ಕೆ ಮೂರು ನಾಲ್ಕು ಪದ ಬೇಕು. 80,000 ಪದ ಇಲ್ಲದಿದ್ದರೆ ಕಾದಂಬರಿಯೇ ಅಲ್ಲ ಎಂಬ ಮಾತನ್ನು ಕನ್ನಡದಲ್ಲಿ ನಂಬಿ ಕೂತರೆ 400 ಪುಟ ದಾಟುತ್ತೀರಿ.

ನಮ್ಮ ಲೆಕ್ಕ ಹೀಗೆ. 1/8 ಡೆಮಿ ಪುಟದಲ್ಲಿ ಸುಮಾರು 28 ಸಾಲು, ಸಾಲಿಗೆ ಸುಮಾರು 7 ಪದ ಎಂದರೆ ಪುಟಕ್ಕೆ ಹತ್ತಿರ ಹತ್ತಿರ 200 ಪದ. ಅಚ್ಚಿನಲ್ಲಿ ಪುಟಗಳು 16ರ ಫಾರಂಗಳಾಗಿ ಕೂರುತ್ತವೆ. 10 ಫಾರಂ ಅಂದರೆ 160 ಪುಟ. ಅದರಲ್ಲಿ ಶೀರ್ಷಿಕೆ ಪುಟ, ಅರ್ಪಣೆ, ಮುನ್ನುಡಿ, ಲೇಖಕರ ಮಾತು, ಪರಿವಿಡಿ ಎಂದು ಹತ್ತು ಹನ್ನೆರಡು ಪುಟ, ಅಧ್ಯಾಯಗಳ ಕೊನೆಯಲ್ಲಿ ಖಾಲಿ ಉಳಿಯುವ ಜಾಗ ಒಂದಿಷ್ಟು ಕಳೆದರೆ ನೀವು ಬರೆಯಬೇಕಾದದ್ದು ಸುಮಾರು 28,000 ಪದ. ದಿನಕ್ಕೆ 300 ಪದದಂತೆ ವಾರಕ್ಕೆ 5 ದಿನ ಬರೆದರೆ 19 ವಾರ. 300 ಪದ ಅಂದರೆ ಅಚ್ಚಿನ ಒಂದೂವರೆ ಪುಟ. ಕೆಲಸಕ್ಕೆ ಹೋಗುವವರಿಗೂ ಇದು ದಕ್ಕುವಂಥದ್ದು. ವಾರದ ಉಳಿದೆರಡು ದಿನ ಬಿಟ್ಟಿರುವುದು ಬೇಕೆಂದೇ. ಒಂದು ದಿನ ತಪ್ಪಿದರೆ ತುಂಬಿಕೊಳ್ಳಲು ಜಾಗ ಇರಬೇಕು.

ಒಂದು ಕಡತಕ್ಕೆ 10 ಲಕ್ಷ 20 ಸಾವಿರ ಅಕ್ಷರಗಳ ಮಿತಿ ಇದೆ. ಇಲ್ಲೂ ಕನ್ನಡದ ಲೆಕ್ಕ ಬೇರೆ. ‘ಲಕ್ಷ್ಮೀ’ ಕಣ್ಣಿಗೆ ಎರಡೇ ಅಕ್ಷರ. ಯಂತ್ರ ಅದನ್ನು ಲ, ಕ, ಹಲಂತ, ಷ, ಹಲಂತ, ಮ, ದೀರ್ಘ ಈ ಎಂದು 7 ಎಂದು ಎಣಿಸುತ್ತದೆ. ಹಾಗಿದ್ದರೂ 28,000 ಪದದ ಪುಸ್ತಕ ಈ ಮಿತಿಯ ಕಾಲುಭಾಗದಷ್ಟೇ ಆಗುತ್ತದೆ, ಚಿಂತೆ ಬೇಡ. ನಿಧಾನವಾಗುವುದು ಹಳೆಯ ಫೋನು. ನೂರು ಪುಟ ದಾಟಿದ ಮೇಲೆ ಅಕ್ಷರ ಮೂಡುವುದು ತಡವಾದರೆ ಪುಸ್ತಕವನ್ನು ಎರಡು ಕಡತವಾಗಿ ಒಡೆಯಿರಿ, ಕೊನೆಗೆ ಕಂಪ್ಯೂಟರಿನಲ್ಲಿ ಸೇರಿಸಿ.

ಟೈಪ್ ಮಾಡುವುದು, ಹೇಳಿ ಬರೆಸುವುದು

ಕಂಪ್ಯೂಟರಿನಲ್ಲಿ ಬರೆಯುವವರಿಗೆ ನಮ್ಮ ಸಲಹೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ನುಡಿಯಲ್ಲಿರುವುದು ಅದೇ. ನುಡಿಯನ್ನು ಯೂನಿಕೋಡ್‌ಗೆ (ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ) ಇಟ್ಟುಕೊಂಡರೆ ಡಾಕ್ಸ್‌ನೊಳಗೆ ನೇರವಾಗಿ ಬರೆಯಬಹುದು. ಅದರಲ್ಲಿ ‘ಲಕ್ಷ್ಮೀ’ ಬರೆಯಲು ಎಲ್, ಕೆ, ಎಫ್, ಎಕ್ಸ್, ಎಫ್, ಎಂ, ಆಮೇಲೆ ಶಿಫ್ಟ್ ಹಿಡಿದು ಐ. ಏಳು ಒತ್ತು, ಪ್ರತಿ ಸಲವೂ ಅದೇ ಏಳು. ಕಲಿಯಲು ಒಂದು ವಾರ ಬೇಕು, ಆಮೇಲೆ ಬೆರಳಿಗೆ ಅನುಮಾನವೇ ಇರುವುದಿಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕನ್ನಡ ಮೂಡಿಸುವ ಲಿಪ್ಯಂತರ ಡಾಕ್ಸ್‌ನಲ್ಲೂ ಇದೆ, ಫೋನಿನ ಜಿಬೋರ್ಡ್‌ನಲ್ಲೂ ಇದೆ. ಮೊದಲ ದಿನವೇ ಬರೆಯಬಹುದು, ಅದೇ ಅದರ ದೊಡ್ಡ ಗುಣ. ಆದರೆ ಅದು ಪದವನ್ನು ಊಹಿಸುತ್ತದೆ. ಲ ಮತ್ತು ಳ, ನ ಮತ್ತು ಣ, ಅಲ್ಪಪ್ರಾಣ ಮತ್ತು ಮಹಾಪ್ರಾಣಗಳಲ್ಲಿ ಅದು ಆರಿಸಿದ್ದನ್ನು ನೀವು ಗಮನಿಸದೆ ಮುಂದೆ ಹೋಗಿಬಿಡುತ್ತೀರಿ. ‘ಹಳ್ಳಿ’ ಬೇಕಿದ್ದಲ್ಲಿ ‘ಹಲ್ಲಿ’ ಬಂದು ಕೂತಿರುತ್ತದೆ. ಎರಡೂ ಸರಿಯಾದ ಪದಗಳೇ, ಹಾಗಾಗಿ ಯಾವ ಕಾಗುಣಿತ ತಂತ್ರಾಂಶವೂ ಅದನ್ನು ತಪ್ಪೆಂದು ಹೇಳದು. ಲಿಪ್ಯಂತರದಲ್ಲಿ ಬರೆದ ಕರಡನ್ನು ಒಮ್ಮೆ ಗಟ್ಟಿಯಾಗಿ ಓದಲೇಬೇಕು. ಮನಸ್ಸಿನಲ್ಲಿ ಓದಿದರೆ ಕಣ್ಣು ತಾನೇ ತಿದ್ದಿಕೊಂಡು ಮುಂದೆ ಸಾಗುತ್ತದೆ.

ಡಾಕ್ಸ್‌ನ ಧ್ವನಿ ಟೈಪಿಂಗ್‌ನಲ್ಲಿ ಕನ್ನಡವೂ ಇದೆ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ ಒತ್ತಿ, ಮೈಕಿನ ಮೇಲಿನ ಪಟ್ಟಿಯಲ್ಲಿ ಕನ್ನಡ ಆರಿಸಿ ಮಾತಾಡಿದರೆ ಸಾಕು. ನೆನಪುಗಳನ್ನು ಬರೆಯುವ ಹಿರಿಯರಿಗೆ, ಟೈಪಿಂಗ್ ಬಾರದವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಗ್ರಂಥಭಾಷೆಗೆ ಹತ್ತಿರದ ಮಾತನ್ನು ಚೆನ್ನಾಗಿಯೇ ಹಿಡಿಯುತ್ತದೆ. ಧಾರವಾಡದ ‘ಹೊಂಟಾನ’, ಕುಂದಾಪುರದ ಮಾತು, ಮಂಡ್ಯದ ಮಾತು ಬಂದಾಗ ತಡವರಿಸುತ್ತದೆ, ತನಗೆ ಗೊತ್ತಿರುವ ಯಾವುದೋ ಪದಕ್ಕೆ ತಿರುಗಿಸುತ್ತದೆ. ಸಂಭಾಷಣೆಗಳನ್ನು ಕೈಯಲ್ಲೇ ಟೈಪ್ ಮಾಡುವುದು ವಾಸಿ.

ಇನ್ನೂ ದೊಡ್ಡ ಕೊರತೆ ಚಿಹ್ನೆಗಳದ್ದು. ಹೇಳಿ ಚಿಹ್ನೆ ಹಾಕಿಸುವ ಸೌಲಭ್ಯ ಇಂಗ್ಲಿಷ್ ಮುಂತಾದ ಕೆಲವೇ ಭಾಷೆಗಳಿಗಿದೆ, ಕನ್ನಡಕ್ಕಿಲ್ಲ. ‘ಪೂರ್ಣವಿರಾಮ’ ಎಂದರೆ ಪೂರ್ಣವಿರಾಮ ಎಂಬ ಪದವೇ ಮೂಡುತ್ತದೆ. ಹತ್ತು ನಿಮಿಷ ನಿಲ್ಲದೆ ಹೇಳಿದರೆ ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ಗೊತ್ತಾಗದ ಒಂದೇ ಉದ್ದ ಸಾಲು ಉಳಿಯುತ್ತದೆ. ಒಂದು ಪ್ಯಾರಾದಷ್ಟು ಹೇಳಿ, ಮೈಕು ನಿಲ್ಲಿಸಿ, ಚಿಹ್ನೆ ಹಾಕಿ, ಎಂಟರ್ ಒತ್ತಿ ಮುಂದಕ್ಕೆ ಹೋಗಿ. ನಾಳೆ ಹಾಕೋಣ ಎಂದು ಬಿಟ್ಟರೆ ನೀವೇ ಹೇಳಿದ ವಾಕ್ಯ ನಿಮಗೇ ಬಿಡಿಸಲಾಗುವುದಿಲ್ಲ.

ಹಳೆಯ ರೂಪಗಳು: ಡಾಕ್ಸ್‌ನ ನಿಜವಾದ ಬೆಲೆ

ಫೈಲ್ ಮೆನುವಿನ ‘ವರ್ಷನ್ ಹಿಸ್ಟರಿ’ ಒಂದಕ್ಕಾಗಿಯೇ ಡಾಕ್ಸ್‌ನಲ್ಲಿ ಬರೆಯಬಹುದು. ಯಾವ ದಿನ ಕಡತ ಹೇಗಿತ್ತು ಎಂದು ತೆರೆದು ನೋಡಬಹುದು, ಅಲ್ಲಿಂದ ಒಂದು ಪ್ಯಾರಾ ನಕಲಿಸಿ ತರಬಹುದು, ಇಡೀ ಕಡತವನ್ನೇ ಆ ದಿನಕ್ಕೆ ಮರಳಿಸಬಹುದು. ಒಂದು ಎಚ್ಚರ: ತಾನಾಗಿ ಉಳಿಸಿದ ಹಳೆಯ ರೂಪಗಳನ್ನು ಡಾಕ್ಸ್ ಕಾಲಕ್ರಮದಲ್ಲಿ ಒಂದರೊಳಗೊಂದು ಸೇರಿಸಿಬಿಡುತ್ತದೆ. ಮುಖ್ಯವಾದ ಹಂತಕ್ಕೆ ನೀವೇ ಹೆಸರಿಡಬೇಕು. ಅದೇ ಮೆನುವಿನಲ್ಲಿ ‘ನೇಮ್ ಕರೆಂಟ್ ವರ್ಷನ್’ ಒತ್ತಿ ‘ಅಧ್ಯಾಯ 4 ಮುಗಿದಾಗ’, ‘ಅಜ್ಜಿಯ ಪಾತ್ರ ತೆಗೆಯುವ ಮುನ್ನ’ ಎಂದು ಬರೆಯಿರಿ. ‘ಫೈನಲ್’, ‘ಫೈನಲ್ 2’ ಎಂದಿಟ್ಟರೆ ಎರಡು ತಿಂಗಳ ಮೇಲೆ ಯಾವುದು ಏನೆಂದು ಗೊತ್ತಾಗದು. ಅಧ್ಯಾಯ ಮುಗಿದಾಗ ಒಂದು, ದೊಡ್ಡ ಕತ್ತರಿ ಹಾಕುವ ಮುನ್ನ ಒಂದು, ಅಷ್ಟು ಸಾಕು.

ಕತ್ತರಿಸಿದ ಭಾಗವನ್ನು ‘ಕತ್ತರಿಸಿದ್ದು’ ಟ್ಯಾಬ್‌ಗೆ ಅಂಟಿಸಿ. ಅದರಲ್ಲಿ ಬಹುಪಾಲು ಮತ್ತೆ ಬೇಕಾಗುವುದೇ ಇಲ್ಲ, ಆದರೂ ಅಲ್ಲಿದೆ ಎಂಬ ಧೈರ್ಯಕ್ಕೆ ಕೈ ಸಲೀಸಾಗಿ ಓಡುತ್ತದೆ.

ಇಷ್ಟಾದರೂ ವಾರಕ್ಕೊಮ್ಮೆ ಕಡತವನ್ನು ವರ್ಡ್ ರೂಪದಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿ. ಇಳಿಸಿದ ಮೇಲೆ ತೆರೆದು ಎಲ್ಲ ಟ್ಯಾಬ್‌ಗಳೂ ಬಂದಿವೆಯೇ ನೋಡಿ.

ಕನ್ನಡ ಅರಿಯದ ಕಡೆಗಳು

ಪಾತ್ರದ ಹೆಸರು ಬದಲಿಸುವಾಗ ಹುಷಾರು. ರಮಾಳನ್ನು ಉಮಾ ಮಾಡಬೇಕೆಂದು ಕಂಟ್ರೋಲ್, ಎಚ್ ಒತ್ತಿ ‘ರಮಾ’ ಇದ್ದಲ್ಲೆಲ್ಲ ‘ಉಮಾ’ ಹಾಕು ಎಂದರೆ ‘ಪರಮಾಪ್ತ’ ಎಂಬುದು ‘ಪಉಮಾಪ್ತ’ ಆಗುತ್ತದೆ. ಕನ್ನಡದಲ್ಲಿ ವಿಭಕ್ತಿ ಹೆಸರಿಗೇ ಅಂಟುವುದರಿಂದ ಹೆಸರಿನ ಹಿಂದೆ ಮುಂದೆ ಖಾಲಿ ಜಾಗ ಸೇರಿಸಿ ಹುಡುಕಿದರೂ ‘ರಮಾಳಿಗೆ’, ‘ರಮಾಳನ್ನು’ ತಪ್ಪಿಸಿಕೊಳ್ಳುತ್ತವೆ. ಹೆಸರಿನ ಮುಂಚೆ ಮಾತ್ರ ಖಾಲಿ ಜಾಗ ಇಟ್ಟು ಹುಡುಕಿ, ಒಂದೊಂದನ್ನೇ ನೋಡಿ ಬದಲಿಸಿ. ಪ್ಯಾರಾದ ಮೊದಲ ಪದ, ಉದ್ಧರಣ ಚಿಹ್ನೆಯ ನಂತರದ ಪದ ಇದರಲ್ಲಿ ಸಿಗುವುದಿಲ್ಲ. ಅವಕ್ಕೆ ಇನ್ನೊಂದು ಸುತ್ತು ಬೇಕು.

ಕನ್ನಡದ ಕಾಗುಣಿತಕ್ಕೆ ಡಾಕ್ಸನ್ನು ನಂಬುವಂತಿಲ್ಲದ್ದರಿಂದ ‘ಪದಪಟ್ಟಿ’ ಟ್ಯಾಬೇ ಆಧಾರ. ಹೋಟೆಲ್ಲೋ ಹೋಟೆಲೋ, ಬೆಂಗಳೂರಿಗೆ ಹೊರಟವನು ‘ಬಸ್ಸಿನಲ್ಲಿ’ ಹೋದನೋ ‘ಬಸ್‌ನಲ್ಲಿ’ ಹೋದನೋ, ಅಪ್ಪನನ್ನು ‘ಅವನು’ ಎನ್ನುತ್ತೀರೋ ‘ಅವರು’ ಎನ್ನುತ್ತೀರೋ, ಇವನ್ನು ಮೊದಲ ಸಲ ಬರೆದಾಗಲೇ ಪಟ್ಟಿಗೆ ಸೇರಿಸಿ. ಎರಡೂ ಸರಿಯಿರಬಹುದು, ಒಂದೇ ಪುಸ್ತಕದಲ್ಲಿ ಎರಡೂ ಇರಬಾರದು. ಕರಡು ತಿದ್ದುವವರಿಗೂ ಈ ಪಟ್ಟಿ ಕೊಟ್ಟರೆ ಅವರ ಅರ್ಧ ಕೆಲಸ ಉಳಿಯುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಸಂಗತಿ ಅರ್ಧಾಕ್ಷರಗಳದ್ದು. ‘ಸಾಫ್ಟ್‌ವೇರ್’ ಎಂದು ಬರಬೇಕಾದರೆ ಟ್ ಆದ ಮೇಲೆ ಒಂದು ಅದೃಶ್ಯ ತಡೆ ಹಾಕಬೇಕು, ಇಲ್ಲದಿದ್ದರೆ ‘ಸಾಫ್ಟ್ವೇರ್’ ಆಗುತ್ತದೆ. ‘ರ‍್ಯಾಂಕ್’ ಪದದಲ್ಲಿ ಯ ಒತ್ತು ರ ಕೆಳಗೆ ನಿಲ್ಲಬೇಕಾದರೂ ಇಂಥದೇ ಇನ್ನೊಂದು ಅದೃಶ್ಯ ಗುರುತು ಬೇಕು. ಲಿಪ್ಯಂತರದಲ್ಲಿ ಕೆಲವು ಸಲ ತಾನೇ ಬರುತ್ತದೆ, ಕೆಲವು ಸಲ ಇಲ್ಲ. ಇಂಥ ಪದಗಳನ್ನೂ ಪದಪಟ್ಟಿಯಲ್ಲಿ ಸರಿಯಾದ ರೂಪದಲ್ಲಿ ಇಟ್ಟುಕೊಂಡು ಅಲ್ಲಿಂದ ನಕಲಿಸುವುದು ಸುಲಭ. ವಾಟ್ಸ್‌ಆ್ಯಪ್‌ನಿಂದಲೋ ಬೇರೆ ಕಡೆಯಿಂದಲೋ ನಿಮ್ಮದೇ ಹಳೆಯ ಬರಹ ತರುವಾಗ ಕಂಟ್ರೋಲ್, ಶಿಫ್ಟ್, ವಿ ಒತ್ತಿ ಅಂಟಿಸಿ, ಅಲ್ಲಿನ ಫಾಂಟು ಬಣ್ಣಗಳು ಹಿಂದೆ ಬರುವುದಿಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟಿನ ಕಡತವಾದರೆ ನೇರ ಅಂಟಿಸಿದಾಗ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಮೊದಲ ಓದುಗರು

ಕರಡನ್ನು ಮೂವರಿಗಿಂತ ಹೆಚ್ಚು ಜನಕ್ಕೆ ಕೊಡಬೇಡಿ. ಲಿಂಕ್ ಇದ್ದವರೆಲ್ಲ ನೋಡಬಹುದು ಎಂಬ ಆಯ್ಕೆ ಬಿಟ್ಟು ಅವರವರ ಇಮೇಲ್ ಹಾಕಿ, ‘ಕಾಮೆಂಟರ್’ ಎಂದು ಆರಿಸಿ. ಆಗ ಅವರು ಟಿಪ್ಪಣಿ ಬರೆಯಬಹುದು, ಪಠ್ಯವನ್ನು ಕೆಡಿಸಲಾಗದು. ಮೂವರಿಗೂ ಒಂದೇ ಕಡತ ಕೊಟ್ಟರೆ ಮೊದಲಿನವರ ಟಿಪ್ಪಣಿ ನೋಡಿ ಉಳಿದವರು ತಲೆದೂಗುತ್ತಾರೆ. ಮೂರು ಪ್ರತಿ ಮಾಡಿ ಬೇರೆ ಬೇರೆ ಕೊಡಿ. ಪರದೆಯ ಮೇಲೆ ಓದದವರಿಗೆ ಎ4ರಲ್ಲಿ, 14ರ ಅಕ್ಷರದಲ್ಲಿ, ಬಲಗಡೆ ಅಗಲ ಅಂಚು ಬಿಟ್ಟು ಮುದ್ರಿಸಿ ಪೆನ್ನಿನ ಜೊತೆ ಕೊಟ್ಟರೆ ಹೆಚ್ಚು ಕೆಲಸಕ್ಕೆ ಬರುವ ಮಾತು ಸಿಗುತ್ತದೆ.

ಇದರ ಬದಲು ಬೇರೆ ಏನು? ನೆಟ್ ತೀರಾ ಕಷ್ಟವಿರುವ ಊರಿನವರಿಗೆ ಲಿಬ್ರೆಆಫೀಸ್ ರೈಟರ್ ಒಳ್ಳೆಯದು, ಅದೂ ಉಚಿತ. ಡೆಮಿಯ ಸರಿಯಾದ ಅಳತೆಯನ್ನೂ ಕೊಡಬಹುದು. ಫೋನಿಗೂ ಕಂಪ್ಯೂಟರಿಗೂ ಕಡತವನ್ನು ನೀವೇ ಸಾಗಿಸಬೇಕು, ಹಳೆಯ ರೂಪಗಳನ್ನು ನೀವೇ ಉಳಿಸಬೇಕು. ಹಾಳೆಯಲ್ಲಿ ಬರೆಯುವವರು ಹಾಳೆಯಲ್ಲೇ ಬರೆಯಲಿ, ಒಂದು ಬದಿ ಮಾತ್ರ ಬಳಸಿ ಎಡಗಡೆ ಎರಡು ಬೆರಳಗಲ ಜಾಗ ಬಿಟ್ಟರೆ ಆಮೇಲೆ ಟೈಪ್ ಮಾಡುವವರಿಗೆ ಅನುಕೂಲ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಎಲ್ಲಿ ಸಿಗುತ್ತದೆ, ಮುಖಪುಟ ಯಾರು ಮಾಡುತ್ತಾರೆ ಎಂಬುದನ್ನು ಕರಡು ಮುಗಿಯುವವರೆಗೆ ಪಕ್ಕಕ್ಕಿಡಿ. ಭಾರತದಲ್ಲಿ ಐಎಸ್‌ಬಿಎನ್‌ಗೆ ಶುಲ್ಕವಿಲ್ಲ, ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಕೊಡುತ್ತದೆ. ಅದಕ್ಕೆ ಅವಸರವಿಲ್ಲ.

ಡಿಟಿಪಿಗೆ ಕೊಡುವಾಗ

ಡಾಕ್ಸ್‌ನ ಕೆಲಸ ಇಲ್ಲಿಗೆ ಮುಗಿಯುತ್ತದೆ. ಡಿಟಿಪಿಯವರಿಗೆ, ಅಂದರೆ ಅಚ್ಚಿಗೆ ಪುಟ ಜೋಡಿಸುವವರಿಗೆ, ಕೇಳಬೇಕಾದ ಮೊದಲ ಪ್ರಶ್ನೆ: ಪುಟ ಕಟ್ಟುವುದು ಪೇಜ್‌ಮೇಕರಿನಲ್ಲೋ ಇನ್‌ಡಿಸೈನ್‌ನಲ್ಲೋ? ಪೇಜ್‌ಮೇಕರಿಗೆ ಕನ್ನಡ ಯೂನಿಕೋಡ್ ಬಾರದು. ನಿಮ್ಮ ಪಠ್ಯವನ್ನು ಹಳೆಯ ಫಾಂಟಿಗೆ ಪರಿವರ್ತಿಸಬೇಕಾಗುತ್ತದೆ, ತಪ್ಪು ನುಸುಳುವುದು ಅಲ್ಲೇ. ಇನ್‌ಡಿಸೈನ್‌ನ ಹೊಸ ಆವೃತ್ತಿಗಳಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಹಾಕಿಕೊಂಡರೆ ಯೂನಿಕೋಡ್ ಪಠ್ಯ ಹಾಗೇ ಕೂರುತ್ತದೆ.

ಕಡತವನ್ನು ಎರಡು ರೂಪದಲ್ಲಿ ಕೊಡಿ. ವರ್ಡ್ ರೂಪ ಕೆಲಸಕ್ಕೆ. ಪಿಡಿಎಫ್ ರೂಪ ನೀವು ಬರೆದದ್ದು ಹೇಗಿತ್ತೆಂದು ಅವರು ನೋಡಿಕೊಳ್ಳಲು. ಪರಿವರ್ತನೆಯಾಗಿ ಬಂದ ಮೊದಲ ಪ್ರೂಫಿನಲ್ಲಿ ಇಡೀ ಪುಸ್ತಕ ಓದುವ ಮುನ್ನ ಐದು ಜಾಗಗಳನ್ನು ನೋಡಿ: ‘ಸಾಫ್ಟ್‌ವೇರ್’ನಂಥ ಅರ್ಧಾಕ್ಷರದ ಪದಗಳು, ‘ರ‍್ಯಾಂಕ್’ನಂಥ ಪದಗಳು, ಉದ್ಧರಣ ಚಿಹ್ನೆಗಳು, ಮಧ್ಯೆ ಬಂದ ಇಂಗ್ಲಿಷ್ ಪದಗಳು, ಅಂಕಿಗಳು. ಇವುಗಳಲ್ಲಿ ಒಂದು ಕಡೆ ಕೆಟ್ಟಿದ್ದರೆ ಪುಸ್ತಕದುದ್ದಕ್ಕೂ ಹಾಗೇ ಕೆಟ್ಟಿರುತ್ತದೆ. ಕೈಯಲ್ಲಿ ಒಂದೊಂದನ್ನೇ ಗುರುತು ಹಾಕುತ್ತಾ ಕೂರುವ ಬದಲು ಪರಿವರ್ತನೆಯನ್ನೇ ಮತ್ತೊಮ್ಮೆ ಮಾಡಿಸಿ. ದಪ್ಪ, ಓರೆ ಅಕ್ಷರಗಳು ಪರಿವರ್ತನೆಯಲ್ಲಿ ಕಳೆದುಹೋಗಿರುತ್ತವೆ. ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಅವನ್ನು ಕೆಂಪು ಪೆನ್ನಿನಲ್ಲಿ ತೋರಿಸಿಕೊಡಿ. ಪ್ರೂಫಿನ ತಿದ್ದುಪಡಿ ಶುರುವಾದ ಮೇಲೆ ಡಾಕ್ಸ್‌ನ ಕಡತವನ್ನು ಮುಟ್ಟಬೇಡಿ. ಅಲ್ಲೊಂದು ಇಲ್ಲೊಂದು ತಿದ್ದಿದರೆ ಅಚ್ಚಿಗೆ ಹೋಗುವುದು ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ.